ಕೌದಿ ಹೊಲಿಯೋರಿಗೆ ಡ್ರಾಯಿಂಗ್ ಕ್ಲಾಸ್ ಯಾರು ತಗೊಂಡ್ರು?

ಕ್ರಿಯೇಟಿವಿಟಿ ಅಂದ ತಕ್ಷಣ ಎಲ್ರಿಗೂ ಪೇಂಟಿಂಗು, ಕವಿತೆ, ಇಲ್ಲಾ ರೀಲ್ಸ್ ನೆನಪಾಗುತ್ತೆ, ನಂಗ್ಯಾಕೋ ಕೌದಿ. ಹರಿದ ಸೀರೆ, ಹಳೇ ಧೋತ್ರ, ಮಕ್ಕಳಿಗೆ ಗಿಡ್ಡಾದ ಅಂಗಿ ಎಲ್ಲಾ ಸೇರಿಸಿ ದಾರ ಎಳೆದ್ರೆ ಚಳಿಗೆ ಹೊದಿಕೆ ರೆಡಿ. ಹಳಿಯಾಳ, ಯಲ್ಲಾಪುರ ಕಡೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಮಕ್ಕಳು ಹೊಲಿಯೋ ರೀತಿನೇ ಬೇರೆ, ಒಂದು ಮೂಲೆಯಿಂದ ಶುರು ಮಾಡಿ ಅಂಚು ಹಿಡ್ಕೊಂಡು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರ್ತಾರೆ, ಕಾಗದದ ಮೇಲೆ ಡಿಸೈನಿಲ್ಲ ಸ್ಕೇಲಿಲ್ಲ, ಕೆಂಪು ತುಂಡಿನ ಪಕ್ಕ ಹಳದಿ ಕೂರ್ಬೇಕೋ ನೀಲಿ ಕೂರ್ಬೇಕೋ ಅನ್ನೋದು ಆ ಹೊತ್ತಿಗೆ ಕೈಗೇ ಹೊಳೀಬೇಕು. ಕೊನೆಗೆ ಮೂಲೆಗಳಿಗೆ ಬಟ್ಟೆ ಮಡಚಿ ತ್ರಿಕೋನದ ಥರ 'ಫೂಲ' ಹಚ್ಚಲೇಬೇಕು, ಅದಿಲ್ದಿದ್ರೆ ಕೌದಿ ಬತ್ತಲೆ ಅಂತಾರೆ! ಅದ್ರಿಂದ ಬೆಚ್ಚಗೇನೂ ಜಾಸ್ತಿ ಆಗಲ್ಲ, ಆದ್ರೂ ಬೇಕು. ನಂಗೆ ಇಷ್ಟ ಆಗಿದ್ದೇ ಈ ಹಟ.

ಇದನ್ನೆಲ್ಲ ಮನೆಗೆಲಸ ಅಂತ ಸೈಡಿಗಿಟ್ಟು ನಾವು ವೀಕೆಂಡ್ ವರ್ಕ್‌ಶಾಪ್‌ಗೆ ದುಡ್ಡು ಕಟ್ಟಿ ಹೋಗ್ತೀವಿ (ನಾನೂ ವಿಚಾರಿಸಿದ್ದೆ, ಫೀಸ್ ಕೇಳಿ ಸುಮ್ನಾದೆ). ನಮ್ಮನೇಲಿ ಹಳೇ ಕಾಟನ್ ಸೀರೆ ನಾಕಾರು ಇದಾವೆ, ಪಾತ್ರೆಯವ್ರಿಗೆ ಹಾಕ್ಬೇಡ ಅಂತ ಅಮ್ಮಂಗೆ ಹೇಳಿದೀನಿ, ಕೌದಿ ಹೊಲಿಯೋಕೆ ಬರೋರು ನಮ್ಮ ಏರಿಯಾದಲ್ಲಿ ಯಾರಾದ್ರೂ ಇದ್ರೆ ಹೇಳ್ರಪ್ಪಾ.