ಸಾಲಿನಲ್ಲಿ ಸಿಕ್ಕ ಅಜ್ಜಿ

ನಿನ್ನೆ ದೇವರ ದರ್ಶನಕ್ಕೆ 4 ಗಂಟೆ ಸಾಲಿನಲ್ಲಿ ನಿಂತಿದ್ದೆ. ಗರ್ಭಗುಡಿ ಹತ್ತಿರ ಬರೋ ಹೊತ್ತಿಗೆ ನೈವೇದ್ಯಕ್ಕೆ ಅಂತ ಬಾಗಿಲು ಹಾಕಿದರು. ಮುಂದಿನವರು ನಿಂತರು. ಹಿಂದಿನವರಿಗೆ ಅದು ಕಾಣಿಸಬೇಕಲ್ವಾ? ತಳ್ಳುತ್ತಲೇ ಇದ್ದರು.

ನನ್ನ ಮುಂದಿದ್ದ ಅಜ್ಜಿ ಕಂಬಿಗೆ ಒತ್ತಿಕೊಂಡು ಉಸಿರಿಗೇ ಕಷ್ಟಪಡುತ್ತಿದ್ದರು. ಎರಡೂ ಕೈ ಕಂಬಿಗೆ ಊರಿ ನಿಂತೆ, ಅವರಿಗೊಂದು ಗೇಣು ಜಾಗ ಆಯಿತು. ಅಜ್ಜಿಯ ಕೈಯಲ್ಲಿದ್ದ ತುಳಸಿ ಮಾಲೆ ನಜ್ಜುಗುಜ್ಜಾಗಿತ್ತು. ಆದರೂ ಬಿಟ್ಟಿರಲಿಲ್ಲ.

ದರ್ಶನ ಸಿಕ್ಕಿದ್ದು ಎರಡೇ ಕ್ಷಣ. ದೇವರನ್ನು ನೋಡೋ ಆತುರದಲ್ಲಿ ಪಕ್ಕದವರ ಉಸಿರು ಮರೆತೇಬಿಡ್ತೀವಲ್ಲ ಅಂತ ತುಂಬಾ ನೋವಾಯಿತು.

ಮಾಲೆ ಅರ್ಚಕರ ಕೈಗೆ ಕೊಡೋಕೂ ಆಗಿರಲಿಲ್ಲ. ಹೊರಗೆ ಬಂದ ಮೇಲೆ ಅಜ್ಜಿ ಅದರಿಂದಲೇ ಒಂದು ದಳ ಕಿತ್ತು ನನ್ನ ಕೈಗಿಟ್ಟರು. "ಚೆನ್ನಾಗಿರಪ್ಪಾ" ಅಂದರು.