ಬಣ್ಣ ಎದ್ದುಹೋದ ಗಿಟಾರ್

ಚಿಕ್ಕಮಗಳೂರಿನ ಮಳೆಗೆ ನನ್ನ ಗಿಟಾರ್ ತಂತಿ ಮತ್ತೆ ತುಕ್ಕು ಹಿಡಿದಿದೆ. ಜುಲೈನಲ್ಲಿ ತೋಟದ ಮನೆಯೊಳಗೆ ಬಟ್ಟೆಯೇ ಒಣಗಲ್ಲ, ಇನ್ನು ತಂತಿ ಯಾವ ಲೆಕ್ಕ ಅಲ್ವಾ? ಗೊಣಗಿಕೊಂಡು ಒರೆಸುತ್ತಾ ಕೂತಾಗ ಗಿಟಾರ್ ವಾದಕ ರೋರಿ ಗ್ಯಾಲಹರ್ ನೆನಪಾದ.

ಐರ್ಲೆಂಡಿನವನು, ಹುಟ್ಟಿದ್ದು 1948ರಲ್ಲಿ. 1963ರಲ್ಲಿ, ಇನ್ನೂ 15ರ ಹುಡುಗ, ಕಾರ್ಕ್ ಊರಿನ ಅಂಗಡಿಯಿಂದ ಸುಮಾರು 100 ಪೌಂಡಿನ ಸೆಕೆಂಡ್ ಹ್ಯಾಂಡ್ ಫೆಂಡರ್ ಸ್ಟ್ರಾಟೋಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್ ಒಂದನ್ನು ಸಾಲಕ್ಕೆ ತಗೊಂಡ. ಅದರ ಕೈ ಬಿಡಲೇ ಇಲ್ಲ. ಒಮ್ಮೆ ಕಳ್ಳತನವಾಗಿ, ಮಳೆಯಲ್ಲಿ ಚರಂಡಿ ಪಾಲಾಗಿ, ಆಮೇಲೆ ಸಿಕ್ಕಿತಂತೆ. ಬೆವರಿಗೆ ಬಣ್ಣವೆಲ್ಲ ಎದ್ದುಹೋಗಿ ಕೆಳಗಿನ ಮರ ಕಾಣುತ್ತಿತ್ತು.

1966ರಲ್ಲಿ ‘ಟೇಸ್ಟ್’ ಅನ್ನೋ ಬ್ಯಾಂಡ್ ಕಟ್ಟಿದ, 1970ಕ್ಕೆ ಅದು ಒಡೆಯಿತು, ಆಮೇಲೆ ತನ್ನದೇ ಹೆಸರಲ್ಲಿ ಹೊರಟ. ಸ್ಟುಡಿಯೋ ಆಲ್ಬಮ್‌ಗಳಿಗಿಂತ ನನಗೆ 1974ರ ಐರಿಶ್ ಟೂರಿನ ಲೈವ್ ರೆಕಾರ್ಡಿಂಗೇ ಜಾಸ್ತಿ ಇಷ್ಟ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಬಾಂಬು ಸಿಡಿಯುತ್ತಿದ್ದ ಕಾಲ, ಎಷ್ಟೋ ಜನ ಸಂಗೀತಗಾರರು ಅತ್ತ ತಲೆ ಹಾಕದಿದ್ದಾಗಲೂ ಇವನು ಹೋಗಿ ನುಡಿಸಿ ಬರುತ್ತಿದ್ದ. ಚೌಕಳಿ ಅಂಗಿ, ಜೀನ್ಸ್, ಅಷ್ಟೇ ವೇಷ. ನಮ್ಮ ತೋಟದ ರೈಟರ್ ಇದಕ್ಕಿಂತ ಟಿಪ್‌ಟಾಪಾಗಿ ಬರುತ್ತಾರೆ!

1995ರಲ್ಲಿ, ಲಿವರ್ ಕಸಿ ಆದಮೇಲೆ, 47ಕ್ಕೇ ಹೋಗಿಬಿಟ್ಟ.

ನನ್ನ ತಂತಿ ಮಾತ್ರ ಒರೆಸಿದರೂ ಸರಿ ಹೋಗಲಿಲ್ಲ. ಪೇಟೆಗೆ ಹೋದಾಗ ಹೊಸ ಸೆಟ್ ತರಬೇಕು.