ಸರ್‌ನೇಮ್ ಕಾಲಂ ಮತ್ತು ಒಂದು ಬಾಟಲಿ ಕಾಚಂಪುಳಿ

ವಿರಾಜಪೇಟೆಯ ಒಂದು ಟ್ರಾವೆಲ್ ಆಫೀಸಿನಲ್ಲಿ ಟಿಕೆಟಿಂಗ್ ನೋಡಿಕೊಳ್ಳುತ್ತೇನೆ. ಕಣ್ಣೂರು ಏರ್‌ಪೋರ್ಟ್ ಶುರುವಾಗಿದ್ದು 2018ರ ಡಿಸೆಂಬರ್ 9ಕ್ಕೆ. ಅದಕ್ಕೂ ಮೊದಲು ನಮ್ಮ ಗಲ್ಫ್ ಗಿರಾಕಿಗಳು ಕೋಯಿಕ್ಕೋಡ್, ಮಂಗಳೂರು, ಬೆಂಗಳೂರು ಅಂತ ರಾತ್ರಿಯೆಲ್ಲ ಅಲೆಯುತ್ತಿದ್ದರು. ಈಗ ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ದಾಟಿದರೆ ಆಯಿತು, ಏರ್‌ಪೋರ್ಟ್ ಇರುವ ಮಟ್ಟನ್ನೂರು. ಅರವತ್ತು ಕಿಲೋಮೀಟರ್ ಆಸುಪಾಸು. ಹತ್ತಿರ ಆಗಿದ್ದೇ ತಡ, ನಮಗೂ ಎಲ್ಲ ಸಸಾರ ಆಗಿಬಿಟ್ಟಿತು.

ಎರಡು ಮಳೆಗಾಲದ ಹಿಂದಿನ ಮಾತು. ಪೆರುಂಬಾಡಿ ಕಡೆಯ ಒಬ್ಬರು ಆಂಟಿ ಶಾರ್ಜಾಕ್ಕೆ ಹೊರಟಿದ್ದರು. ಮಗಳ ಬಾಣಂತನ. ವಿಸಿಟ್ ವೀಸಾ ಅಲ್ಲಿಂದಲೇ ಅಳಿಯ ಮಾಡಿಸಿ ಕಳಿಸಿದ್ದ. ನಾನು ಟಿಕೆಟ್ ಮಾಡಿದರೆ ಸಾಕಿತ್ತು. ಆಂಟಿ ವಾಟ್ಸಾಪಿನಲ್ಲಿ ಪಾಸ್‌ಪೋರ್ಟಿನ ಮೊದಲ ಪುಟ ಮತ್ತು ಆಧಾರ್ ಕಳಿಸಿದರು. ಕೊನೆಯ ಪುಟ ನಾನು ಕೇಳಲಿಲ್ಲ. "ಗಿರಾಕಿಯನ್ನ ಜಾಸ್ತಿ ಸತಾಯಿಸಬೇಡಿ, ಇದ್ದಿದ್ದರಲ್ಲಿ ಟಿಕೆಟ್ ಮಾಡಿ" ಅನ್ನೋದು ನಮ್ಮ ಓನರ್ ಪಾಲಿಸಿ. ಅವರು ಒಂದು ದಿನವೂ ಕೌಂಟರ್‌ನಲ್ಲಿ ಕೂತವರಲ್ಲ ಬಿಡಿ.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಗಿವನ್ ನೇಮ್ ಒಂದೇ ಒಂದು ಪದ. ಏಜೆಂಟರು ಟಿಕೆಟ್ ಮಾಡುವ ನಮ್ಮ ಬಿಟುಬಿ ಪೋರ್ಟಲ್‌ನಲ್ಲೋ ಸರ್‌ನೇಮ್ ಕಾಲಮ್ಮಿಗೆ ಕೆಂಪು ಚುಕ್ಕಿ, ತುಂಬದೆ ಮುಂದೆ ಹೋಗುವ ಹಾಗಿಲ್ಲ. ಅದರ ಮೇಲೆ ನನ್ನ ತಲೆಯಲ್ಲಿ ಅರ್ಧಂಬರ್ಧ ಜ್ಞಾನ ಬೇರೆ ಇತ್ತು. 2022ರ ನವೆಂಬರ್ 21ರಿಂದ ಯುಎಇ ಒಂದು ನಿಯಮ ತಂದಿತ್ತಲ್ಲ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ವಿಸಿಟ್ ವೀಸಾದಲ್ಲಿ ಒಳಗೆ ಬಿಡಲ್ಲ ಅಂತ. ಆಗ ಆಫೀಸಿನಲ್ಲಿ ಅದೇ ಮಾತು. ಆಮೇಲೆ ಬಂದ ತಿದ್ದುಪಡಿ ಮಾತ್ರ ನಾನು ಓದಿರಲಿಲ್ಲ. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ, ಅಂದರೆ ನಮ್ಮ ಪುಸ್ತಕದ ಕೊನೇ ಪುಟದಲ್ಲಿ, ತಂದೆ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕು ಅಂತ ಅದರಲ್ಲಿತ್ತು.

ಹಾಗಾಗಿ ಬುದ್ಧಿವಂತಿಕೆ ಮಾಡಿದೆ. ಆಧಾರ್‌ನಲ್ಲಿದ್ದ ಮನೆ ಹೆಸರು ಎತ್ತಿ ಸರ್‌ನೇಮ್ ಕಾಲಮ್ಮಿಗೆ ಹಾಕಿದೆ. ಎರಡು ಹೆಸರಾಯಿತು, ಆಂಟಿ ಬಚಾವ್ ಅಂದುಕೊಂಡೆ. ಕೊಡವರಲ್ಲಿ ಮನೆ ಹೆಸರು ಮೊದಲು ಬರುತ್ತೆ, ಮದುವೆಯಾದ ಮೇಲೆ ಹೆಂಗಸರಿಗೆ ಗಂಡನ ಮನೆ ಹೆಸರು. ಇಲ್ಲಿ ಇಷ್ಟು ವರ್ಷ ಕೂತವನಿಗೆ ಇದು ಗೊತ್ತಿಲ್ಲದ್ದಲ್ಲ. ಆಧಾರ್‌ನಲ್ಲಿದ್ದದ್ದು ಗಂಡನ ಮನೆ ಹೆಸರು. ವೀಸಾದಲ್ಲಿದ್ದದ್ದು ತಂದೆ ಹೆಸರು. ವೀಸಾ ಪಿಡಿಎಫ್ ನನ್ನ ಫೋನಿನಲ್ಲೇ ಇತ್ತು. ತೆರೆದು, ತಾರೀಕು ನೋಡಿ, ಮುಚ್ಚಿದ್ದೆ.

ಸಂಜೆ 6.10ಕ್ಕೆ ಫ್ಲೈಟ್. 4.12ಕ್ಕೆ ಆಂಟಿಯ ತಮ್ಮನ ಮಗ ಏರ್‌ಪೋರ್ಟಿನಿಂದ ಫೋನ್ ಮಾಡಿದ. "ಅಣ್ಣಾ, ನೇಮ್ ಮಿಸ್‌ಮ್ಯಾಚ್ ಅಂತಿದ್ದಾರೆ. ಈ ಸರ್‌ನೇಮ್ ಪಾಸ್‌ಪೋರ್ಟಲ್ಲೂ ಇಲ್ಲ, ವೀಸಾದಲ್ಲೂ ಇಲ್ಲವಂತೆ."

ಹೊಟ್ಟೆ ತಣ್ಣಗಾಯಿತು. ಕೌಂಟರ್ ಕ್ಲೋಸ್ 5.10ಕ್ಕೆ. ಪೋರ್ಟಲ್‌ನಲ್ಲಿ ನೇಮ್ ಕರೆಕ್ಷನ್ ಒತ್ತಿದರೆ ಮೂರು ಅಕ್ಷರದ ಮೇಲೆ ಬಿಡುತ್ತಿಲ್ಲ. ವಾಯ್ಡ್, ಅಂದರೆ ದಂಡವಿಲ್ಲದೆ ಟಿಕೆಟ್ಟನ್ನೇ ರದ್ದು ಮಾಡೋಣ ಅಂದರೆ, ಅದು ಟಿಕೆಟ್ ಮಾಡಿದ ದಿನ ರಾತ್ರಿಗೇ ಮುಗಿದ ಕತೆ. ಹೆಲ್ಪ್‌ಲೈನ್‌ನಲ್ಲಿ ಸಂಗೀತ. ನಮ್ಮಂಥ ಸಣ್ಣ ಆಫೀಸುಗಳಿಗೆ ಟಿಕೆಟ್ ಕೊಡುವ ದೊಡ್ಡ ಏಜೆನ್ಸಿಯ, ಅಂದರೆ ಕನ್ಸಾಲಿಡೇಟರ್‌ನ ಹುಡುಗ ಫೋನ್ ಎತ್ತಿದ, ಆದರೆ ಒಂದೇ ಮಾತು: "ಕ್ಯಾನ್ಸಲ್ ಮಾಡಿ, ಹೊಸದು ಮಾಡಿ."

ಅಷ್ಟರಲ್ಲಿ ಕರೆಂಟ್ ಹೋಯಿತು. ಜುಲೈ ತಿಂಗಳು, ಅದರಲ್ಲೇನು ವಿಶೇಷ. ಯುಪಿಎಸ್ ಕುಂಯ್ ಕುಂಯ್ ಅನ್ನತೊಡಗಿತು. ಪೋರ್ಟಲ್ ವಾಲೆಟ್‌ನಲ್ಲಿ ಬ್ಯಾಲೆನ್ಸ್ ಇಲ್ಲ, ಓನರ್ ಟಾಪ್‌ಅಪ್ ಮಾಡಬೇಕು, ಅವರು ಗೋಣಿಕೊಪ್ಪದಲ್ಲಿ ಯಾವುದೋ ಮದುವೆ ಊಟದಲ್ಲಿ. ನನ್ನದೇ ಕಾರ್ಡ್ ಹಾಕಿದೆ. 27,800 ರೂಪಾಯಿ. ಹಳೇ ಟಿಕೆಟ್ 11,400ಕ್ಕೆ ಮಾಡಿದ್ದು. ಓಟಿಪಿ ಬರಲಿಲ್ಲ. ಕರೆಂಟ್ ಹೋದರೆ ನಮ್ಮ ಬೀದಿಯ ಟವರೂ ಮಲಗುತ್ತದೆ.

ಫೋನ್ ಹಿಡಿದು ಮೆಟ್ಟಿಲು ಹತ್ತಿ ಮೇಲಿನ ಶೀಟಿನ ಮಾಡಿನ ಕೆಳಗೆ ನಿಂತೆ. ಒಂದು ಕಡ್ಡಿ ಬಂತು. ಶೀಟಿನ ಅಂಚಿನಿಂದ ನೀರು ನೇರ ಮೊಣಕೈ ಮೇಲೆ ಬೀಳುತ್ತಿತ್ತು, ಕೈ ಮಾತ್ರ ಅಲ್ಲಾಡಿಸಲಿಲ್ಲ, ಆ ಕಡ್ಡಿ ಹೋದರೆ ಅಂತ. 4.44ಕ್ಕೆ ಓಟಿಪಿ ಬಂತು. ಕೆಳಗೆ ಓಡಿ ಬಂದು ಹಾಕುವಷ್ಟರಲ್ಲಿ ಎಕ್ಸ್‌ಪೈರ್ಡ್. ಮತ್ತೆ ರೀಸೆಂಡ್, ಮತ್ತೆ ಮೇಲೆ. ಈ ಸಲ ಆಫೀಸ್ ಹುಡುಗಿಯನ್ನ ಕಂಪ್ಯೂಟರ್ ಮುಂದೆ ಕೂರಿಸಿ ಮೆಟ್ಟಿಲಿಂದಲೇ ನಂಬರ್ ಕೂಗಿದೆ. ಕೆಳಗಿನ ಬೇಕರಿಯವರಿಗೆಲ್ಲ ನನ್ನ ಓಟಿಪಿ ಗೊತ್ತಾಯಿತು.

ಮೊದಲೇ ಕನ್ಸಾಲಿಡೇಟರ್ ಹತ್ತಿರ ಕೇಳಿಟ್ಟುಕೊಂಡಿದ್ದೆ. ಆ ಏರ್‌ಲೈನಿಗೆ ಸರ್‌ನೇಮ್ ಖಾಲಿ ಇದ್ದರೆ ಗಿವನ್ ನೇಮನ್ನೇ ಎರಡು ಕಡೆ ಹಾಕಬೇಕು. ಕೆಲವರು ಎಲ್‌ಎನ್‌ಯು, ಅಂದರೆ 'ಲಾಸ್ಟ್ ನೇಮ್ ಅನ್‌ನೋನ್', ಅಂತ ಹಾಕಿಸುತ್ತಾರೆ. ಒಂದೊಂದು ಕಂಪನಿಗೆ ಒಂದೊಂದು ರಾಗ. 4.56ಕ್ಕೆ ಪಿಎನ್‌ಆರ್ ಕೈಗೆ ಬಂತು. ಹುಡುಗನಿಗೆ ಕಳಿಸಿ, ಕುರ್ಚಿಯಲ್ಲಿ ಕೂತು, ಒದ್ದೆ ಶರ್ಟಿನಲ್ಲೇ ಒಂದು ಕಾಫಿ ಹೇಳಿದೆ.

ಕಾಫಿ ಬರುವ ಮೊದಲು ಮತ್ತೆ ಫೋನ್. "ಅಣ್ಣಾ, ಬ್ಯಾಗ್ ಓವರ್‌ವೇಟ್."

ಹಳೇ ಟಿಕೆಟ್‌ಗೆ ಮೂವತ್ತು ಕಿಲೋ ಆಡ್-ಆನ್ ಹಾಕಿದ್ದೆ. ಹೊಸದರಲ್ಲಿ ಗಡಿಬಿಡಿಯಲ್ಲಿ ಕಡಿಮೆ ರೇಟಿನದು ಒತ್ತಿದ್ದೆ, ಇಪ್ಪತ್ತೇ ಕಿಲೋ. ಮತ್ತೆ ಓಟಿಪಿ ಕಾಯುವ ಧೈರ್ಯ ನನಗಿರಲಿಲ್ಲ. "ತೆಗೆದು ಹಗುರ ಮಾಡಪ್ಪ" ಅಂದೆ. ಕೌಂಟರ್ ಮುಂದೆಯೇ ಬ್ಯಾಗ್ ಬಿಚ್ಚಿದರಂತೆ. ಕಾಫಿಪುಡಿ, ಮೆಣಸು, ಬಿದಿರುಕಳಲೆ ಉಪ್ಪಿನಕಾಯಿ ಎಲ್ಲ ಹುಡುಗನ ಕೈಯಲ್ಲಿ ವಾಪಸ್. ಕಾಚಂಪುಳಿ, ಅದೇ ನಮ್ಮ ಕೊಡಗಿನ ಗಟ್ಟಿ ಕಪ್ಪು ಹುಳಿರಸ, ಅದನ್ನ ಮಾತ್ರ ಆಂಟಿ ಬಿಡಲಿಲ್ಲ. ಮಗಳು ಮೀನು ಸಾರಿಗೆ ಅಂತಲೇ ಕೇಳಿದ್ದು. ಬಾಟಲಿಯನ್ನ ಕೈಚೀಲಕ್ಕೆ ಹಾಕಿಕೊಂಡರು. ನೂರು ಎಂಎಲ್ ಮೀರಿದ ದ್ರವ ಕ್ಯಾಬಿನ್‌ಗೆ ಆಗಲ್ಲ ಅಂತ ನಾನೇ ಚೀಟಿ ಬರೆದುಕೊಟ್ಟಿದ್ದೆ: ಪವರ್ ಬ್ಯಾಂಕ್ ಕೈಚೀಲದಲ್ಲಿ, ಕಾಚಂಪುಳಿ ದೊಡ್ಡ ಬ್ಯಾಗಿನಲ್ಲಿ. ಆ ಹೊತ್ತಿಗೆ ಚೀಟಿ ಯಾರು ನೋಡುತ್ತಾರೆ? ಸೆಕ್ಯೂರಿಟಿಯಲ್ಲಿ ತೆಗೆದಿಟ್ಟುಕೊಂಡರು. ಮನೆಯಲ್ಲೇ ಕುದಿಸಿ ಮಾಡಿದ್ದು, ಬಾಟಲಿ ತುಂಬ.

ಹಳೇ ಟಿಕೆಟ್‌ನಲ್ಲಿ ಟ್ಯಾಕ್ಸ್ ಅಷ್ಟೇ ವಾಪಸ್ ಬಂತು. ಉಳಿದದ್ದು ಮೂರು ತಿಂಗಳು ನನ್ನ ಸಂಬಳದಿಂದ ಹೋಯಿತು. ವಾಟ್ಸಾಪ್ ಫೋಟೋ ಪಾಲಿಸಿ ಬಗ್ಗೆ ಓನರ್ ಚಕಾರ ಎತ್ತಲಿಲ್ಲ. ಪೋರ್ಟಲ್‌ನಲ್ಲಿ ಆ ಕೆಂಪು ಚುಕ್ಕಿ ಇವತ್ತಿಗೂ ಹಾಗೇ ಇದೆ. ಈಗ ನಾನು ಪಾಸ್‌ಪೋರ್ಟಿನ ಮೊದಲ ಪುಟ, ಕೊನೇ ಪುಟ, ವೀಸಾ ಮೂರನ್ನೂ ಪ್ರಿಂಟ್ ತೆಗೆದು ಪಕ್ಕಪಕ್ಕ ಇಟ್ಟು, ಬೆರಳಿಟ್ಟು ಓದುತ್ತೇನೆ. ಆಧಾರ್ ಕಳಿಸಿದರೆ ತೆರೆಯುವುದೇ ಇಲ್ಲ. ಗಿರಾಕಿಗಳು ಗೊಣಗುತ್ತಾರೆ, ಗೊಣಗಲಿ.

ಆಂಟಿ ವಾಪಸ್ ಬಂದ ಮೇಲೆ ಮೊಮ್ಮಗುವಿನ ಫೋಟೋ ತೋರಿಸಲು ಆಫೀಸಿಗೆ ಬಂದಿದ್ದರು. ಟಿಕೆಟ್ ವಿಷಯ ಎತ್ತಲೇ ಇಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಅಲ್ಲ ಮಗ, ಆ ಏರ್‌ಪೋರ್ಟಿನವರು ಅದನ್ನ ಏನು ಮಾಡಿರಬಹುದು? ಸಾರಿಗೆ ಹಾಕಲು ಗೊತ್ತುಂಟಾ ಅವರಿಗೆ?" ಅಂದರು. ಸಂತೆಗೆ ಬಂದಾಗಲೆಲ್ಲ ಈಗಲೂ ಅದೇ ಪ್ರಶ್ನೆ.